ಸೂಪರ್‌ಚಾರ್ಜ್ಡ್ ಕಾರಿನ ನೀರು-ಮೆಥನಾಲ್ ನಾಜಲ್: ಪತ್ತನಾಜೆಯಿಂದ ಆಯುಧಪೂಜೆಯವರೆಗಿನ ಆರೈಕೆ

ಸೂಪರ್‌ಚಾರ್ಜ್ಡ್ ಎಂಜಿನಿಗೆ ಹೋಗುವ ಬಿಸಿ ಗಾಳಿಯನ್ನು ತಣಿಸಲು ನೀರು-ಮೆಥನಾಲ್ ಸಿಂಪಡಿಸುವ ನಾಜಲ್ ಓಡುವ ಕಾರಿನಲ್ಲಿ ಕೆಡುವುದು ಕಡಿಮೆ, ನಿಂತ ಕಾರಿನಲ್ಲಿ ಕೆಡುವುದೇ ಹೆಚ್ಚು. ಕಾಸರಗೋಡಿನವರು ಈ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ನಮ್ಮಲ್ಲಿ ಇಂಥ ಕಾರು ದಿನಬಳಕೆಗೆ ಇರುವುದು ಅಪರೂಪ. ಒಡೆಯ ಗಲ್ಫಿನಲ್ಲಿ, ಕಾರು ಮನೆಯ ಪೋರ್ಚಿನಲ್ಲಿ. ರಜೆಗೆ ಬಂದಾಗ ಉಪ್ಪಳದಿಂದ ಬೇಕಲದವರೆಗೆ ನಾಲ್ಕು ಸುತ್ತು ಹೊಡೆದು ಮತ್ತೆ ಟಾರ್ಪಾಲಿನ ಅಡಿಗೆ ಸೇರಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಂತೂ ಅದು ಹೊರಗೆ ಬರುವುದೇ ಇಲ್ಲ. ಹೀಗೆ ನಿಂತ ತಿಂಗಳುಗಳಲ್ಲಿ ಟ್ಯಾಂಕಿನ ಗಾಳಿಕಿಂಡಿಯಿಂದ ಮೆಥನಾಲ್ ಮೆಲ್ಲಗೆ ಆವಿಯಾಗುತ್ತದೆ, ನೀರು ಉಳಿಯುತ್ತದೆ. ಮೆಥನಾಲ್ ತೆಳುವಾದ ನೀರಿನಲ್ಲಿ ಪಾಚಿ, ಲೋಳೆ ಬೆಳೆಯುತ್ತವೆ. ನಾಜಲಿನ ತುದಿಯಲ್ಲಿ ನಿಂತ ಹನಿ ಒಣಗಿ, ತನ್ನೊಳಗಿನ ಲವಣವನ್ನು ಅರ್ಧ ಮಿಲಿಮೀಟರಿನ ತೂತಿನಲ್ಲೇ ಬಿಟ್ಟುಹೋಗುತ್ತದೆ.

ಆದ್ದರಿಂದ ಇಲ್ಲಿ ಕೊಡುವ ಕ್ರಮ ಕ್ಯಾಲೆಂಡರಿಗೆ ಹೊಂದಿಸಿದ್ದು. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದಲ್ಲಿ, ನಾಜಲ್ ಬಿಚ್ಚಿ ತೊಳೆದು ಒಣಗಿಸಿ ಇಡುವುದು. ಆಯುಧಪೂಜೆಗೆ ಮುಂಚೆ ಅಳೆದು ನೋಡಿ ಜೋಡಿಸುವುದು. ವರ್ಷವಿಡೀ ಓಡಿಸುವವರು ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲ ಇದೇ ಕೆಲಸವನ್ನು ಒಮ್ಮೆ ಮಾಡಿದರೆ ಸಾಕು.

ನಾಜಲ್ ಮುಚ್ಚಿಕೊಂಡರೆ ಆಗುವುದೇನು

ಸೂಪರ್‌ಚಾರ್ಜರ್ ಎಂದರೆ ಎಂಜಿನಿನ ಬಲದಿಂದಲೇ ತಿರುಗಿ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಯಂತ್ರ, ಆ ಹೆಚ್ಚುವರಿ ಒತ್ತಡವೇ ಬೂಸ್ಟ್. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಆ ಬಿಸಿಗೆ ಪೆಟ್ರೋಲ್ ಮಿಶ್ರಣವು ಸ್ಪಾರ್ಕ್ ಪ್ಲಗ್ಗಿನ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿದರೆ ನಾಕಿಂಗ್. ಒಳಬರುವ ಗಾಳಿಗೆ ದ್ರವವನ್ನು ಮಂಜಿನಂತೆ ಸಿಂಪಡಿಸಿದರೆ ಅದು ಆವಿಯಾಗುತ್ತಾ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,257 ಕಿಲೋಜೂಲ್ ಶಾಖ ಬೇಕು, ಮೆಥನಾಲಿಗೆ ಸುಮಾರು 1,100, ಪೆಟ್ರೋಲಿಗೆ 350ರ ಆಸುಪಾಸು. ಮೆಥನಾಲ್ ತಾನೂ ಉರಿಯುವುದರಿಂದ ಇಂಧನದ ಕೆಲಸವನ್ನೂ ಮಾಡುತ್ತದೆ.

ಉಪಾಯ ಹಳೆಯದು. ಎರಡನೇ ಮಹಾಯುದ್ಧದ ಜರ್ಮನ್ ಯುದ್ಧವಿಮಾನಗಳಲ್ಲಿ ಎಂಡಬ್ಲ್ಯು 50 ಎಂಬ ಹೆಸರಿನಲ್ಲಿ ಅರ್ಧ ಮೆಥನಾಲ್, ಉಳಿದರ್ಧ ನೀರು, ಜೊತೆಗೆ ಚೂರು ತುಕ್ಕುನಿರೋಧಕ ಎಣ್ಣೆಯ ಮಿಶ್ರಣವನ್ನು ಬಳಸುತ್ತಿದ್ದರು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಕಾರು ಇಂಥದೇ ದ್ರವದ ಟ್ಯಾಂಕಿನೊಂದಿಗೆ ಕಾರ್ಖಾನೆಯಿಂದ ಹೊರಬಂತು. ಅದು ಟರ್ಬೊ ಕಾರು, ಅಂದರೆ ಹೊಗೆಯ ರಭಸದಿಂದ ಗಾಳಿ ಒತ್ತುವಂಥದು, ಆದರೂ ಅದರ ಕಥೆ ನಮಗೆ ಬೇಕು: ಕೊಂಡವರು ಟ್ಯಾಂಕ್ ತುಂಬಿಸಲು ಮರೆತರು, ದೂರುಗಳು ಬಂದವು, ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಿತ್ತುಹಾಕಲಾಯಿತು. ಸೋತದ್ದು ತಂತ್ರಜ್ಞಾನವಲ್ಲ, ಆರೈಕೆ.

ಈ ದ್ರವವನ್ನು ನಂಬಿ ಇಗ್ನಿಷನ್ ಟೈಮಿಂಗನ್ನು ಮುಂದೆ ತಂದು (ಕಿಡಿ ಮೊದಲೇ ಹಾರುವಂತೆ ಮಾಡಿ), ಬೂಸ್ಟ್ ಏರಿಸಿ ಟ್ಯೂನ್ ಮಾಡಿಸಿದ ಎಂಜಿನಿನಲ್ಲಿ ನಾಜಲ್ ಅರ್ಧ ಮುಚ್ಚಿಕೊಂಡರೂ ಪಿಸ್ಟನ್ನಿಗೆ ಅಪಾಯ. ಹಲವರು ಮೋಸ ಹೋಗುವುದು ಇಲ್ಲೇ. ನಾಜಲ್ ಮುಚ್ಚಿಕೊಂಡಾಗ ಪೈಪಿನ ಒತ್ತಡ ಇಳಿಯುವುದಿಲ್ಲ. ಇದ್ದಷ್ಟೇ ಇರುತ್ತದೆ, ಇಲ್ಲವೇ ಇನ್ನಷ್ಟು ಏರುತ್ತದೆ. ಡ್ಯಾಶ್‌ಬೋರ್ಡಿನ ಒತ್ತಡದ ಮಾಪಕ ಆರೋಗ್ಯವಾಗಿ ನಿಂತಿರುವಾಗಲೇ ಸಿಲಿಂಡರಿಗೆ ದ್ರವ ಹೋಗದೆ ಇರಬಹುದು. ಹರಿವನ್ನು ಅಳೆಯುವ ಸೆನ್ಸರ್ ಇದ್ದರೆ ಈ ಅಡಚಣೆ ಸಿಕ್ಕಿಬೀಳುತ್ತದೆ. ಆದರೆ ಹರಿವು ಸರಿಯಿದ್ದು ಮಂಜಿನ ಬದಲು ಧಾರೆ ಬೀಳುತ್ತಿದ್ದರೆ ಯಾವ ಸೆನ್ಸರಿಗೂ ತಿಳಿಯುವುದಿಲ್ಲ. ಅದಕ್ಕೆ ಕಣ್ಣೇ ಬೇಕು.

ಕೈ ಹಾಕುವ ಮೊದಲು

ಮೆಥನಾಲ್ ವಿಷ. ಚರ್ಮದ ಮೂಲಕವೂ ಒಳಹೋಗುತ್ತದೆ, ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನರನ್ನು ಕೊಂದದ್ದು ಇದೇ ವಸ್ತು. ಆದ್ದರಿಂದ ಒಂದು ನಿಯಮಕ್ಕೆ ಯಾವ ವಿನಾಯಿತಿಯೂ ಬೇಡ: ಕುಡಿಯುವ ನೀರಿನ ಅಥವಾ ಸೋಡಾದ ಬಾಟಲಿಯಲ್ಲಿ ಮೆಥನಾಲನ್ನು ಎಂದೂ ತುಂಬಬೇಡಿ. ಕ್ಯಾನಿನ ಮೇಲೆ ಕನ್ನಡ, ಮಲಯಾಳ, ಹಿಂದಿ ಮೂರರಲ್ಲೂ ‘ವಿಷ’ ಎಂದು ಬರೆದು ತಲೆಬುರುಡೆಯ ಚಿತ್ರ ಅಂಟಿಸಿ, ಬೀಗ ಹಾಕಿ. ತೋಟದ ಕೆಲಸಕ್ಕೆ ಬಂದವರು ‘ಸ್ಪಿರಿಟ್’ ಎಂಬ ಮಾತು ಕೇಳಿ ತಪ್ಪು ತಿಳಿಯಬಾರದು. ಯಾರಾದರೂ ಕುಡಿದರೆ ಲಕ್ಷಣಕ್ಕಾಗಿ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಕಣ್ಣು ಮಂಜಾಗುವುದು ಗಂಟೆಗಟ್ಟಲೆ ತಡವಾಗಿ ಶುರುವಾಗುತ್ತದೆ.

ಹಗಲಿನಲ್ಲಿ ಮೆಥನಾಲಿನ ಜ್ವಾಲೆ ಕಾಣುವುದೇ ಇಲ್ಲವೆನ್ನಬೇಕು. ಅರ್ಧಕ್ಕರ್ಧ ನೀರು ಬೆರೆಸಿದ್ದೂ ನಮ್ಮ ಸೆಕೆಯಲ್ಲಿ ಹೊತ್ತಿಕೊಳ್ಳಬಲ್ಲದು. ಎಂಜಿನ್ ಪೂರ್ತಿ ತಣಿದ ಮೇಲೆ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ. ಬೀಡಿ, ಸೊಳ್ಳೆಬತ್ತಿ, ಪಕ್ಕದಲ್ಲಿ ವೆಲ್ಡಿಂಗ್ ಯಾವುದೂ ಇರಕೂಡದು. ಕೈಗವಸು, ಕನ್ನಡಕ, ಡ್ರೈ ಪೌಡರ್ ಅಗ್ನಿಶಾಮಕ, ಎರಡು ಬಕೆಟ್ ನೀರು ಹತ್ತಿರವಿರಲಿ.

ಮೊದಲ ಅಳತೆ, ಕೊಳೆಯಿರುವಾಗಲೇ

ನಾಜಲನ್ನು ತೊಳೆದ ಮೇಲೆ ಅಳೆಯುವವರೇ ಹೆಚ್ಚು. ತೊಳೆಯುವ ಮೊದಲು ಒಮ್ಮೆ ಅಳೆದರೆ ಕಳೆದ ಸಲ ಜೋಡಿಸಿದಂದಿನಿಂದ ಎಷ್ಟು ಕಟ್ಟಿದೆಯೆಂದು ತಿಳಿಯುತ್ತದೆ, ಮುಂದಿನ ತಪಾಸಣೆ ಯಾವಾಗ ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಟ್ಯಾಂಕಿನ ಮಿಶ್ರಣವನ್ನು ಗುರುತು ಹಾಕಿದ ಕ್ಯಾನಿಗೆ ಖಾಲಿ ಮಾಡಿ. ಟ್ಯಾಂಕಿಗೆ ಒಂದೆರಡು ಲೀಟರ್ ಡಿಸ್ಟಿಲ್ಡ್ ನೀರು ಹಾಕಿ. ನಾಜಲನ್ನು ಅದರ ಪೈಪಿನ ಸಮೇತ ಗಾಳಿಕೊಳವೆಯಿಂದ ಬಿಚ್ಚಿ, ಬಾಯಿ ಅಗಲವಾದ ಬಾಟಲಿಯೊಳಗೆ ಹಿಡಿದು, ಪಂಪನ್ನು ನಡೆಸುವ ಕಂಟ್ರೋಲರಿನ ಟೆಸ್ಟ್ ಬಟನ್ ಒತ್ತಿ ಓಡಿಸಿ. ಮೊದಲು ಹೊರಬರುವ ಮಿಶ್ರಣವನ್ನು ಚೆಲ್ಲದೆ ಅದೇ ಕ್ಯಾನಿಗೆ ಸೇರಿಸಿ. ಬರೀ ನೀರು ಬರತೊಡಗಿದ ಮೇಲೆ ಸರಿಯಾಗಿ 30 ಸೆಕೆಂಡು ಹಿಡಿದು, ಗೆರೆಯಿರುವ ಅಳತೆಪಾತ್ರೆಯಲ್ಲಿ ನೋಡಿ.

ಬರಬೇಕಾದದ್ದು ಎಷ್ಟೆಂಬುದಕ್ಕೆ ಲೆಕ್ಕವಿದೆ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ನಾಜಲಿನ ಮೇಲೆ 7 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 200 ಮಿ.ಲೀ. ಎಂದಿದ್ದು, ನಿಮ್ಮ ಪಂಪ್ 10 ಬಾರ್ ಕೊಡುತ್ತಿದ್ದರೆ, 10ನ್ನು 7ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 1.2, ಅಂದರೆ ನಿಮಿಷಕ್ಕೆ 239, ಅರ್ಧ ನಿಮಿಷಕ್ಕೆ 120 ಮಿ.ಲೀ. ಆಸುಪಾಸು. ಹತ್ತರಲ್ಲಿ ಒಂದು ಪಾಲನ್ನೂ ಮೀರಿ ಕೊರತೆ ಬಿದ್ದರೆ ಕೊಳೆ ಕಟ್ಟಿದೆ. ಹೆಚ್ಚು ಬಂದರೆ ತೂತು ಸವೆದಿದೆ, ಅದನ್ನು ತೊಳೆದು ಪ್ರಯೋಜನವಿಲ್ಲ, ಹೊಸದು ತನ್ನಿ. ಕಾರು ಓಡುವಾಗ ಬೂಸ್ಟ್ ಎದುರಿನಿಂದ ತಳ್ಳುವುದರಿಂದ ಸೂಪರ್‌ಚಾರ್ಜರಿನ ನಂತರ ಕುಳಿತ ನಾಜಲಿನ ಹರಿವು ಇದಕ್ಕಿಂತ ತುಸು ಕಡಿಮೆಯೇ ಇರುತ್ತದೆ. 10 ಬಾರ್ ಪಂಪಿಗೆ 0.7 ಬಾರ್ ಬೂಸ್ಟ್ ಇದ್ದರೆ ಉಳಿಯುವುದು 9.3.

ಅಂಕಿಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ.

ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಪೈಪ್ ಒತ್ತಿ ಕೂರಿಸುವ ಬಗೆಯದಾಗಿದ್ದರೆ ಸುತ್ತಲಿನ ಉಂಗುರವನ್ನು ಒಳಕ್ಕೆ ಒತ್ತಿಹಿಡಿದು ಪೈಪನ್ನು ಎಳೆಯಬೇಕು. ಉಂಗುರ ಒತ್ತದೆ ಎಳೆದರೆ ಪೈಪಿನ ಹೊರಮೈ ಗೀರಿ ಮುಂದೆ ಅಲ್ಲೇ ಸೋರುತ್ತದೆ. ಪೈಪಿನ ತುದಿಯಲ್ಲಿ ಈಗಾಗಲೇ ಗೀರಿದ್ದರೆ ಹರಿತವಾದ ಬ್ಲೇಡಿನಿಂದ ನೇರವಾಗಿ ಒಂದು ಸೆಂಟಿಮೀಟರ್ ಕತ್ತರಿಸಿ ತೆಗೆಯಿರಿ. ನಾಜಲ್ ಬಿಚ್ಚುವಾಗ ಅದು ಕುಳಿತ ಅಡಾಪ್ಟರನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು ಇನ್ನೊಂದರಿಂದ ತಿರುಗಿಸಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಗಾಳಿಕೊಳವೆಯ ಮರೆಯೇ (ತಿರುಪಿನ ಸುತ್ತುಗಳೇ) ಕಿತ್ತುಬರುತ್ತದೆ.

ನಾಜಲ್ ತೆಗೆದ ಕೂಡಲೇ ತೂತಿಗೆ ಬಿರಡೆ ಹಾಕಿ. ಸೂಪರ್‌ಚಾರ್ಜರಿನ ಮುಂಚೆ ಇರುವ ತೂತಾದರೆ ಇದು ಇನ್ನೂ ಮುಖ್ಯ. ರೂಟ್ಸ್ ಬಗೆಯ ಬ್ಲೋವರಿನಲ್ಲಿ (ಎರಡು ರೋಟರು ತಿರುಗಿ ಗಾಳಿ ತಳ್ಳುವ ಸೂಪರ್‌ಚಾರ್ಜರ್) ರೋಟರುಗಳ ನಡುವಿನ ಸಂದು ಕೂದಲೆಳೆಯಷ್ಟು, ಅಲ್ಲಿಗೆ ಬಿದ್ದ ಒಂದು ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ತುಂಡಿಗೂ ದುಬಾರಿ ಬೆಲೆ ತೆರಬೇಕಾಗುತ್ತದೆ.

ಬಿಳಿ ತಟ್ಟೆಯ ಮೇಲೆ ನಾಜಲನ್ನು ಬಿಚ್ಚಿ. ತುದಿಯ ಜೆಟ್, ಅದರ ಹಿಂದೆ ದ್ರವವನ್ನು ಸುಳಿಯಂತೆ ತಿರುಗಿಸುವ ಪುಟ್ಟ ಬಿಲ್ಲೆ, ಜಾಲರಿ, ದ್ರವವನ್ನು ಒಂದೇ ದಿಕ್ಕಿಗೆ, ಅದೂ ಒತ್ತಡ ಬಿದ್ದಾಗ ಮಾತ್ರ ಬಿಡುವ ಚೆಕ್ ವಾಲ್ವಿನ ಗುಂಡು ಮತ್ತು ಸ್ಪ್ರಿಂಗ್. ಒಂದೊಂದು ತೆಗೆದಾಗಲೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಬಿಲ್ಲೆಯನ್ನು ತಿರುಗುಮುರುಗಾಗಿ ಕೂರಿಸಿದರೂ ನಾಜಲ್ ಜೋಡಿಕೊಳ್ಳುತ್ತದೆ, ಹರಿವೂ ಇರುತ್ತದೆ, ಮಂಜು ಮಾತ್ರ ಬರುವುದಿಲ್ಲ. ಬಿಚ್ಚಲಾಗದಂತೆ ಮುಚ್ಚಿದ ನಾಜಲಾದರೆ ಬಲವಂತ ಬೇಡ, ಇಡಿಯಾಗಿ ನೆನೆಸಿದರಾಯಿತು.

ಕೊಳೆಯ ಬಣ್ಣ ನೋಡಿ ಮೂಲ ಹಿಡಿಯುವುದು

ತೊಳೆಯುವ ಆತುರದಲ್ಲಿ ಈ ಹಂತವನ್ನು ಬಿಡಬೇಡಿ. ತಟ್ಟೆಯ ಮೇಲೆ ಬಿದ್ದ ಕೊಳೆ ಎಲ್ಲಿಂದ ಬಂತೆಂದು ತಿಳಿಯದಿದ್ದರೆ ಅದು ಮತ್ತೆ ಬರುತ್ತದೆ. ಅಡಿಕೆ ತೋಟಕ್ಕೆ ಮದ್ದು ಬಿಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಗನ್ನಿನ ತುದಿ ಕಟ್ಟಿದರೆ ಅವರು ಮೊದಲು ನೋಡುವುದು ಸುಣ್ಣ ಸೋಸಿದ ಬಟ್ಟೆಯನ್ನು.

ಬಿಳಿಯ ಗಟ್ಟಿ ಪದರವಾದರೆ ನೀರಿನ ಲವಣ. ಡಿಸ್ಟಿಲ್ಡ್ ಎಂದು ತಂದದ್ದು ಡಿಸ್ಟಿಲ್ಡ್ ಅಲ್ಲ. ಕೆಂಪು-ಕಂದು ಬಣ್ಣವಾದರೆ ಕಬ್ಬಿಣ. ಬಾವಿಯ ನೀರು ಸೇರಿದೆ, ಇಲ್ಲವೇ ದಾರಿಯಲ್ಲೆಲ್ಲೋ ತುಕ್ಕು ಹಿಡಿಯುವ ಜೋಡಣೆಯಿದೆ. ಹಸಿರು ಅಥವಾ ತಿಳಿನೀಲಿಯಾದರೆ ಹಿತ್ತಾಳೆಯೇ ಕರಗುತ್ತಿದೆ. ಬೂದು-ಬಿಳಿ ಲೋಳೆಯಂಥ ಹಿಟ್ಟು ಅಲ್ಯೂಮಿನಿಯಂನದು. ಮೆಥನಾಲ್-ನೀರು ಸೇರಿ ಅಲ್ಯೂಮಿನಿಯಂ ಟ್ಯಾಂಕ್ ಅಥವಾ ಜೋಡಣೆಯನ್ನು ತಿನ್ನುತ್ತಿದೆ. ಇದಕ್ಕೆ ನಾಜಲ್ ತೊಳೆಯುವುದು ಪರಿಹಾರವಲ್ಲ, ಆ ಭಾಗವನ್ನು ಸ್ಟೇನ್‌ಲೆಸ್ ಅಥವಾ ಸೂಕ್ತ ಪ್ಲಾಸ್ಟಿಕ್ಕಿಗೆ ಬದಲಿಸಬೇಕು. ಕೈಗೆ ಜಾರುವ ಲೋಳೆ, ಹುಳಿವಾಸನೆ ಇದ್ದರೆ ಮೆಥನಾಲ್ ಹಾರಿಹೋಗಿ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ, ಟ್ಯಾಂಕನ್ನೂ ತೊಳೆಯಬೇಕು. ಕರಿಯ ಚೂರುಗಳಾದರೆ ರಬ್ಬರ್ ಕರಗಿದೆ. ತುದಿಯ ಹೊರಮೈಯಲ್ಲಿ ಕರಿಯ ಅಂಟು ಮಾತ್ರ ಬೇರೆಯದೇ ವರ್ಗ. ಅದು ದ್ರವದಿಂದ ಬಂದದ್ದಲ್ಲ, ಎಂಜಿನಿನ ಕ್ರ್ಯಾಂಕ್‌ಕೇಸಿನಿಂದ ಗಾಳಿಕೊಳವೆಗೆ ಬರುವ ಎಣ್ಣೆಯ ಆವಿ ಬಿಸಿಗೆ ಸುಟ್ಟು ಹಿಡಿದದ್ದು. ಅದು ಹೆಚ್ಚಿದ್ದರೆ ನಡುವೆ ಎಣ್ಣೆ ಹಿಡಿಯುವ ಡಬ್ಬಿ ಹಾಕಿಸಿ.

ತೊಳೆಯುವುದು

ಸೂಜಿ, ತಂತಿ, ಡ್ರಿಲ್ ಯಾವುದನ್ನೂ ತೂತಿಗೆ ಹಾಕಬೇಡಿ. ಹಿತ್ತಾಳೆ ಮೆದು, ಕಣ್ಣಿಗೆ ಕಾಣದ ಒಂದು ಗೀರು ಸಾಕು, ಮಂಜಿನ ಶಂಕು ಒಂದು ಕಡೆಗೆ ವಾಲಿ ಧಾರೆಯಾಗುತ್ತದೆ. ಚುಚ್ಚಲೇಬೇಕಾದರೆ ಮೀನಿನ ಗಾಳದ ತೆಳು ನೈಲಾನ್ ದಾರ.

ಲವಣಕ್ಕೆ ಅಡುಗೆಮನೆಯ ಬಿಳಿ ವಿನೆಗರ್ ಅಥವಾ ನೂರಕ್ಕೆ ಐದರಷ್ಟು ಸಿಟ್ರಿಕ್ ಆಮ್ಲದ ದ್ರಾವಣ. ಹಿತ್ತಾಳೆಯನ್ನು ಅರ್ಧ ಗಂಟೆಗಿಂತ ಹೆಚ್ಚು ಇಡಬೇಡಿ. ಮೈ ಗುಲಾಬಿ ಬಣ್ಣಕ್ಕೆ ತಿರುಗಿತೆಂದರೆ ಸತು ಕರಗಿಹೋಗಿದೆ ಎಂದರ್ಥ. ಸ್ಟೇನ್‌ಲೆಸ್ ಆದರೆ ಇನ್ನಷ್ಟು ಹೊತ್ತು ತಾಳುತ್ತದೆ. ಎಣ್ಣೆಯ ಅಂಟಿಗೆ ಐಸೊಪ್ರೊಪೈಲ್ ಆಲ್ಕೊಹಾಲ್, ಹಟಮಾರಿಯಾದರೆ ಕಾರ್ಬುರೇಟರ್ ಕ್ಲೀನರ್. ಓ-ರಿಂಗುಗಳನ್ನು ಮೊದಲೇ ತೆಗೆದಿರಬೇಕು. ಎರಡಕ್ಕೂ ಬಗ್ಗದ ನಾಜಲಿಗೆ ಅಲ್ಟ್ರಾಸೋನಿಕ್ ಯಂತ್ರವಿದೆ. ಹೊಸದು ಕೊಳ್ಳುವುದಕ್ಕಿಂತ ಮೊದಲು ಪರಿಚಯದ ಚಿನ್ನದ ಅಂಗಡಿಯಲ್ಲೋ ಕನ್ನಡಕದ ಅಂಗಡಿಯಲ್ಲೋ ಕೇಳಿ ನೋಡಿ. ಅದರಲ್ಲಿ ನೀರು ಮತ್ತು ಒಂದು ಹನಿ ಪಾತ್ರೆ ತೊಳೆಯುವ ದ್ರವವಷ್ಟೇ ಇರಲಿ, ಹೊತ್ತಿಕೊಳ್ಳುವ ದ್ರವ ಖಂಡಿತ ಬೇಡ.

ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿ, ಕಂಪ್ರೆಸರ್ ಗಾಳಿಯನ್ನು ತುದಿಯಿಂದ ಹಿಂದಕ್ಕೆ ಊದಿ. ಮುಂದಕ್ಕೆ ಊದಿದರೆ ಉಳಿದ ಕಣ ಮತ್ತೆ ತೂತಿನಲ್ಲೇ ಸಿಕ್ಕಿಕೊಳ್ಳುತ್ತದೆ. ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆ, ನೀರು ಇಲ್ಲದಂತೆ ನೋಡಿಕೊಳ್ಳಿ.

ಮಳೆಗಾಲದ ನಿದ್ದೆ

ತೊಳೆದ ನಾಜಲನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಆಟಿ ತಿಂಗಳ ತೇವಕ್ಕೆ ಗೋಡೆಯೇ ಬೆವರುವಾಗ ಹಿತ್ತಾಳೆ ಹಸಿರಾಗದೆ ಇರುತ್ತದೆಯೇ? ಪಂಪಿನಲ್ಲಿ ಹಳೆಯ ಮಿಶ್ರಣ ಉಳಿಯದಂತೆ ಡಿಸ್ಟಿಲ್ಡ್ ನೀರು ಹಾಯಿಸಿ, ಪೈಪಿಗೆ ಗಾಳಿ ಊದಿ, ಬಾಯಿಗಳನ್ನು ಮುಚ್ಚಿ. ಟ್ಯಾಂಕ್ ಒರೆಸಿ ಒಣಗಿಸಿ. ಗಾಳಿಕೊಳವೆಯ ತೂತಿಗೆ ಬಟ್ಟೆ ತುರುಕಿಟ್ಟರೆ ಸಾಲದು, ಮರೆಯಿರುವ ಬಿರಡೆಯನ್ನೇ ಬಿಗಿಯಿರಿ. ಮನೆಯವರು ನಡುವೆ ಬ್ಯಾಟರಿ ಚಾರ್ಜ್ ಆಗಲೆಂದು ಎಂಜಿನ್ ಚಾಲೂ ಮಾಡುತ್ತಾರೆ. ಹಾಗೆ ಚಾಲೂ ಮಾಡುವವರಿಗೆ, ಸಿಂಪರಣೆ ಇಲ್ಲದೆ ಬೂಸ್ಟ್ ಏರಿಸಬಾರದೆಂದು ತಿಳಿಸಿ, ಸ್ಟೀರಿಂಗಿಗೆ ಒಂದು ಚೀಟಿ ಕಟ್ಟಿ.

ಹೊರತೆಗೆದ ಮಿಶ್ರಣವನ್ನು ತೋಟಕ್ಕೆ, ಚರಂಡಿಗೆ, ಬಾವಿಯ ಬಳಿಗೆ ಸುರಿಯಬೇಡಿ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ನೀರು ಇಂಗುವ ವೇಗ ಎಲ್ಲರಿಗೂ ಗೊತ್ತು.

ಓ-ರಿಂಗ್, ಜಾಲರಿ, ಟೇಪ್

ನವರಾತ್ರಿಗೆ ಜೋಡಿಸುವಾಗ ಓ-ರಿಂಗುಗಳು ಹೊಸವೇ ಇರಲಿ. ನೀರು-ಮೆಥನಾಲಿಗೆ ಇಪಿಡಿಎಂ ರಬ್ಬರ್ ಒಳ್ಳೆಯದು. ಪೆಟ್ರೋಲಿಗೆ ಹೆಸರಾದ ವಿಟಾನ್ ರಬ್ಬರಿನ ಸಾಮಾನ್ಯ ದರ್ಜೆಗಳು ಮೆಥನಾಲಿನಲ್ಲಿ ಉಬ್ಬುತ್ತವೆ, ‘ದುಬಾರಿ, ಆದ್ದರಿಂದ ಉತ್ತಮ’ ಎಂಬ ಅಂಗಡಿಯವರ ಮಾತನ್ನು ಇಲ್ಲಿ ಕೇಳಬೇಡಿ. ಇಪಿಡಿಎಂಗೆ ಖನಿಜ ಎಣ್ಣೆ ಆಗದು, ಸವರುವುದಾದರೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ಹರಿದ ಜಾಲರಿಯನ್ನು ತೆಗೆದೆಸೆದು ಹಾಗೆಯೇ ಓಡಿಸುವುದು ಇನ್ನೊಂದು ಚಾಳಿ. ಮುಂದಿನ ಕಣ ನೇರ ತೂತಿಗೇ ಹೋಗುತ್ತದೆ.

ಪ್ಲಂಬರುಗಳ ಬಿಳಿ ಟೇಪನ್ನು ಮರೆಯ ಮೊದಲ ಎರಡು ಸುತ್ತು ಬಿಟ್ಟು ಸುತ್ತಿ. ತುದಿಯವರೆಗೂ ಸುತ್ತಿದರೆ ಅದರ ನೂಲೇ ಕೊಳೆಯಾಗುತ್ತದೆ.

ಮತ್ತೆ ಅಳತೆ, ಮತ್ತೆ ಜೋಡಣೆ

ಮೊದಲಿನಂತೆಯೇ 30 ಸೆಕೆಂಡಿನ ಅಳತೆ. ಈ ಸಲ ಕರಿಯ ಬಟ್ಟೆಯ ಎದುರು ಹಿಡಿದು ಮಂಜನ್ನೂ ನೋಡಿ. ಶಂಕು ಎಲ್ಲ ಬದಿಗೂ ಸಮವಾಗಿರಬೇಕು, ನಡುವೆ ಗೆರೆಯಂಥ ಧಾರೆ ಕಾಣಬಾರದು. ಪಂಪ್ ನಿಲ್ಲಿಸಿದ ಮೇಲೆ ತುದಿ ಒಂದೆರಡು ಹನಿ ಉದುರಿಸಿ ಸುಮ್ಮನಾಗಬೇಕು. ಆಮೇಲೆ ಕೆಳಗಿಟ್ಟ ಕಾಗದ ಹತ್ತು ನಿಮಿಷ ಬಿಟ್ಟು ನೋಡಿದಾಗಲೂ ಒಣಗಿಯೇ ಇರಬೇಕು.

ಸೂಪರ್‌ಚಾರ್ಜ್ಡ್ ಕಾರಿನಲ್ಲಿ ಈ ಹನಿಯ ಪರೀಕ್ಷೆಗೆ ವಿಶೇಷ ಮಹತ್ವವಿದೆ. ರೂಟ್ಸ್ ಬಗೆಯ ಬ್ಲೋವರುಗಳಲ್ಲಿ ಥ್ರಾಟಲ್ (ಎಂಜಿನಿಗೆ ಹೋಗುವ ಗಾಳಿಯನ್ನು ಹೆಚ್ಚು-ಕಡಿಮೆ ಮಾಡುವ ಬಾಗಿಲು) ಸಾಮಾನ್ಯವಾಗಿ ಬ್ಲೋವರಿಗಿಂತ ಮುಂಚೆ ಇರುತ್ತದೆ, ಆಡಿಯ ಸೂಪರ್‌ಚಾರ್ಜ್ಡ್ 3.0 ಟಿಎಫ್‌ಎಸ್‌ಐ ಎಂಜಿನ್ ಹಾಗೆಯೇ. ಥ್ರಾಟಲಿನ ನಂತರ ನಾಜಲ್ ಕುಳಿತಿದ್ದರೆ ಐಡ್ಲಿಂಗಿನಲ್ಲಿ ಅಲ್ಲಿ ನಿರ್ವಾತವಿರುತ್ತದೆ, ಅದು ಪಂಪ್ ಓಡದಿದ್ದರೂ ಟ್ಯಾಂಕಿನ ದ್ರವವನ್ನು ಹೀರುತ್ತದೆ. ಚೆಕ್ ವಾಲ್ವ್ ಬಿಗಿಯಾಗಿದೆಯೇ ಎಂದು ತಿಳಿಯಲು ಬ್ರೇಕ್ ಕೆಲಸದವರ ಕೈಪಂಪಿನಿಂದ ನಾಜಲಿನ ತುದಿಗೆ 20 ಇಂಚು ಪಾದರಸದಷ್ಟು ನಿರ್ವಾತ ಕೊಟ್ಟು ನೋಡಿ. ಹಿಂಬದಿಯಿಂದ ದ್ರವ ಬಂದರೆ ಚೆಕ್ ವಾಲ್ವ್ ಬದಲಿಸಿ, ಇಲ್ಲವೇ ನಾಜಲಿಗೆ ಹತ್ತಿರ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಕೂರಿಸಿ. ಟ್ಯಾಂಕ್ ನಾಜಲಿಗಿಂತ ಎತ್ತರದಲ್ಲಿದ್ದರೆ ಸೊಲೆನಾಯ್ಡ್ ಇರಲೇಬೇಕು, ಇಲ್ಲದಿದ್ದರೆ ನಿಂತ ಕಾರಿನಲ್ಲೂ ದ್ರವ ಇಳಿದು ಸಿಲಿಂಡರ್ ಸೇರುತ್ತದೆ, ಸೆಲ್ಫ್ ಹೊಡೆದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬೆಲ್ಟಿನಿಂದ ತಿರುಗುವ ಸೆಂಟ್ರಿಫ್ಯೂಗಲ್ ಬಗೆಯಲ್ಲಿ ಥ್ರಾಟಲ್ ನಂತರ ಬರುವುದರಿಂದ, ಅದಕ್ಕಿಂತ ಮುಂಚೆ ಕುಳಿತ ನಾಜಲಿಗೆ ಈ ಕಾಟ ಕಡಿಮೆ.

ಜೋಡಿಸುವಾಗ ನಾಜಲ್ ಕೊಳವೆಯ ಮೇಲ್ಭಾಗದಲ್ಲೋ ಬದಿಯಲ್ಲೋ ಇರಲಿ, ತುದಿ ಗಾಳಿಯ ಹರಿವಿಗೆ ತುಸು ಚಾಚಿರಲಿ. ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿಗಿಂತ ನಂತರ ಇರಬೇಕು, ತಾಪಮಾನದ ಸೆನ್ಸರಿನ ಮೇಲೆ ನೇರ ಬೀಳಬಾರದು. ಕೈಯಲ್ಲಿ ಬಿಗಿದ ಮೇಲೆ ಸ್ಪ್ಯಾನರಿನಲ್ಲಿ ಒಂದು ಸುತ್ತು ಸಾಕು.

ಟ್ಯಾಂಕಿಗೆ ಎಂಥ ನೀರು

ಬಾಯಾರು, ಪಡ್ರೆ ಕಡೆ ಗುಡ್ಡ ಕೊರೆದ ಸುರಂಗದ ನೀರು ಕುಡಿಯಲು ಅಮೃತ, ನಾಜಲಿಗೆ ಅಲ್ಲ. ಲವಣ ಕಡಿಮೆಯಿದ್ದರೂ ಮುರಕಲ್ಲಿನ ಕಬ್ಬಿಣ ಮತ್ತು ಕಣ್ಣಿಗೆ ಕಾಣದ ಹೂಳು ಅದರಲ್ಲಿ ಇರಬಹುದು. ಕರಾವಳಿಯ ಬಾವಿಗಳಲ್ಲಿ ಬೇಸಗೆಗೆ ಉಪ್ಪು ಏರುತ್ತದೆ. ಹಂಚಿನ ಮಾಡಿನಿಂದ ಇಳಿದ ಮಳೆನೀರಿನಲ್ಲಿ ಪಾಚಿ, ಎಸಿಯಿಂದ ಸೋರುವ ನೀರಿನಲ್ಲಿ ಧೂಳು ಮತ್ತು ಲೋಹ. ಮನೆಯ ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ನೀರೇ ಬೇಕು, ಅದಕ್ಕೂ ಕರಗಿದ ಲವಣ ಅಳೆಯುವ ಟಿಡಿಎಸ್ ಮಾಪಕವನ್ನು ಅದ್ದಿ ನೋಡಿ: 5ಕ್ಕಿಂತ ಕೆಳಗಿದ್ದರೆ ಒಳ್ಳೆಯದು, 10 ದಾಟಿದರೆ ಹಿಂದಿರುಗಿಸಿ.

ಮೆಥನಾಲನ್ನು ಪರವಾನಗಿಯಿರುವ ರಾಸಾಯನಿಕ ವ್ಯಾಪಾರಿಯಿಂದ ಬಿಲ್ಲಿನ ಸಮೇತ ತನ್ನಿ. ಪೇಂಟ್ ಅಂಗಡಿಯ ಥಿನ್ನರ್ ಇದಕ್ಕೆ ಬದಲಿಯಲ್ಲ, ಅದರಲ್ಲಿರುವ ಟಾಲ್ಯೂಯಿನ್‌ನಂಥ ದ್ರಾವಕಗಳು ರಬ್ಬರನ್ನು ತಿನ್ನುತ್ತವೆ. ಕ್ಯಾನ್ ಒಡೆದ ಮೇಲೆ ಮುಚ್ಚಳ ಬಿಗಿಯಾಗಿರಲಿ, ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ.

ಅರ್ಧಕ್ಕರ್ಧ ಎಂದು ಟ್ಯೂನರ್ ಹೇಳಿದರೆ ಅಳತೆಯಲ್ಲೋ ತೂಕದಲ್ಲೋ ಎಂದು ಕೇಳಿ. ಮೆಥನಾಲ್ ಲೀಟರಿಗೆ ಸುಮಾರು 790 ಗ್ರಾಂ ತೂಗುವುದರಿಂದ, ಲೀಟರಿಗೆ ಲೀಟರ್ ಬೆರೆಸಿದರೆ ತೂಕದಲ್ಲಿ ಮೆಥನಾಲ್ ನೂರಕ್ಕೆ 44 ಮಾತ್ರ. ಲೀಟರಿಗೆ ಲೀಟರ್ ಬೆರೆಸಿದ ಮಿಶ್ರಣದ ಸಾಂದ್ರತೆ ಸುಮಾರು 0.93 ಇರುತ್ತದೆ. ನಿಂತ ಟ್ಯಾಂಕಿನಲ್ಲಿ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1ರ ಕಡೆಗೆ ಸರಿದಿದ್ದರೆ ಮೆಥನಾಲ್ ಹಾರಿದೆ, ಅದಕ್ಕೇ ಮತ್ತಷ್ಟು ಸೇರಿಸುವ ಬದಲು ಹೊಸದಾಗಿ ಬೆರೆಸಿ.

ರಸ್ತೆಗೆ ಇಳಿಸುವ ಮೊದಲು

ಕೆಎಲ್ 14ರ ಫಲಕ ಹೊತ್ತ ಕಾರಿಗೆ ಇಂಥ ಬದಲಾವಣೆ ಕಾನೂನಿನ ಪ್ರಶ್ನೆಯೂ ಹೌದು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ; ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕಿಗಾಗಿ ಕಾರು ಇಟ್ಟುಕೊಂಡವರು ಅದನ್ನು ಟ್ರೇಲರಿನಲ್ಲಿ ಒಯ್ಯುವುದೇ ಜಾಣತನ. ಪೂರ್ಣ ಬೂಸ್ಟಿನ ಪರೀಕ್ಷೆಗೆ ರಾಷ್ಟ್ರೀಯ ಹೆದ್ದಾರಿ 66 ಜಾಗವಲ್ಲ, ಕಾರನ್ನು ನಿಂತಲ್ಲೇ ಓಡಿಸಿ ಬಲ ಅಳೆಯುವ ಡೈನೋ ಯಂತ್ರ ಇರುವಲ್ಲಿಗೆ ಹೋಗಿ.

ಡೈನೋದ ಮೇಲೆ ಮೊದಲು ಅರ್ಧ ಬೂಸ್ಟಿನಲ್ಲಿ ಒಳಬರುವ ಗಾಳಿಯ ತಾಪಮಾನ ಕಳೆದ ವರ್ಷದ ದಾಖಲೆಗೆ ಹೊಂದುತ್ತಿದೆಯೇ ನೋಡಿಕೊಳ್ಳಿ. ಆಮೇಲೆ ಪಂಪಿನ ಫ್ಯೂಸ್ ತೆಗೆದು ಮತ್ತೆ ಓಡಿಸಿ: ಕಂಟ್ರೋಲರ್ ತಾನಾಗಿ ಬೂಸ್ಟ್ ಇಳಿಸಬೇಕು ಅಥವಾ ಟೈಮಿಂಗನ್ನು ಹಿಂದೆ ತರಬೇಕು. ಅದು ಆಗದಿದ್ದರೆ ಕಾರನ್ನು ಅಲ್ಲೇ ನಿಲ್ಲಿಸಿ, ಟ್ಯೂನರ್ ಅದನ್ನು ಸರಿಪಡಿಸುವವರೆಗೆ ಓಡಿಸಬೇಡಿ.